ವೇಗ ಹೆಚ್ಚಿತೆಂದು ತಿಳಿದದ್ದು ಹೇಗೆ?

ವಿಂಡೋಸ್ ಎಕ್ಸ್‌ಪಿ ಮಾರುಕಟ್ಟೆಗೆ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಅದರ ಬೆನ್ನಿಗೇ ಒಂದು ಗುಟ್ಟು ಕಂಪ್ಯೂಟರ್ ಬಳಸುವವರ ನಡುವೆ ಬಾಯಿಂದ ಬಾಯಿಗೆ ಹರಡಿತು. ಮೈಕ್ರೋಸಾಫ್ಟ್ ಪ್ರತಿ ಮನೆಯ ಇಂಟರ್ನೆಟ್ ಸಂಪರ್ಕದಲ್ಲಿ ಶೇ 20ರಷ್ಟನ್ನು ತನಗೆಂದು ಎತ್ತಿಟ್ಟುಕೊಂಡಿದೆ, ಅದನ್ನು ಬಿಡಿಸಿಕೊಳ್ಳುವ ದಾರಿ ಸೆಟ್ಟಿಂಗ್ಸ್ ಒಳಗೇ ಅಡಗಿದೆ ಎಂಬುದು ಆ ಗುಟ್ಟು. ‘ಗ್ರೂಪ್ ಪಾಲಿಸಿ’ ಎಂಬ ಕಿಟಕಿ ತೆರೆಯಬೇಕು, ‘ಕ್ಯೂಓಎಸ್ ಪ್ಯಾಕೆಟ್ ಶೆಡ್ಯೂಲರ್’ ಹುಡುಕಬೇಕು, ಅಲ್ಲಿರುವ 20ನ್ನು ಅಳಿಸಿ ಸೊನ್ನೆ ಬರೆಯಬೇಕು, ಕಂಪ್ಯೂಟರನ್ನು ಆಫ್ ಮಾಡಿ ಆನ್ ಮಾಡಬೇಕು. ಹಾಗೆ ಮಾಡಿದವರಲ್ಲಿ ಅನೇಕರು ನೆಟ್ ಚುರುಕಾಯಿತೆಂದು ಹೇಳಿದರು, ನೆಂಟರಿಷ್ಟರ ಮನೆಗಳಲ್ಲೂ ಮಾಡಿಕೊಟ್ಟರು.

ಮೈಕ್ರೋಸಾಫ್ಟ್ ಇದಕ್ಕೆ ಲಿಖಿತ ಸ್ಪಷ್ಟನೆಯನ್ನೇ ಕೊಡಬೇಕಾಯಿತು. ಯಾವುದಾದರೂ ಪ್ರೋಗ್ರಾಂ ಆದ್ಯತೆ ಬೇಕೆಂದು ಕೇಳಿಕೊಂಡಾಗ ಮಾತ್ರ ಆ ಮೀಸಲಾತಿ ಜಾರಿಗೆ ಬರುತ್ತದೆ; ಕೇಳದಿದ್ದರೆ ಪೂರಾ 100ಕ್ಕೆ 100 ಎಲ್ಲ ಪ್ರೋಗ್ರಾಂಗಳಿಗೂ ಸಿಗುತ್ತದೆ. ಕೇಳಿದ ಪ್ರೋಗ್ರಾಂ ತನ್ನ ಪಾಲನ್ನು ಬಳಸದೆ ಬಿಟ್ಟರೆ ಅದೂ ಉಳಿದವರ ಪಾಲಿಗೇ ಬರುತ್ತದೆ. ಅಂದರೆ ಮನೆಬಳಕೆಯ ಸಾಮಾನ್ಯ ಕಂಪ್ಯೂಟರಿನಲ್ಲಿ 20 ಇದ್ದರೂ ಸೊನ್ನೆ ಇದ್ದರೂ ವ್ಯತ್ಯಾಸವಿಲ್ಲ. ಸ್ಪಷ್ಟನೆ ಬಂದ ಮೇಲೂ ಗುಟ್ಟು ಸಾಯಲಿಲ್ಲ. ವಿಂಡೋಸ್ 7 ಬಂತು, 10 ಬಂತು, ಅದೇ ಸಲಹೆ ಹೊಸ ಚಿತ್ರಗಳೊಡನೆ ಮತ್ತೆ ಮತ್ತೆ ಸುತ್ತಾಡಿತು.

ಈ ಕಥೆಯಲ್ಲಿ ಕುತೂಹಲ ಹುಟ್ಟಿಸುವುದು ಕಂಪನಿಯ ಉತ್ತರಕ್ಕಿಂತ ಬಳಕೆದಾರರ ಮಾತು. ಅವರು ಸುಳ್ಳು ಹೇಳುತ್ತಿರಲಿಲ್ಲ. ಯಾರಿಗೂ ಅದರಿಂದ ಕಾಸು ಬರುತ್ತಿರಲಿಲ್ಲ. ಅವರಿಗೆ ನಿಜಕ್ಕೂ ವೇಗ ಹೆಚ್ಚಿದಂತೆ ಕಂಡಿತ್ತು. ಹಾಗಾದರೆ ಅವರಿಗೆ ಆದದ್ದು ಜ್ಞಾನವೋ ಭ್ರಮೆಯೋ? ಒಂದು ಅನುಭವವನ್ನು ನಂಬಬಹುದೆಂದು ಯಾವಾಗ ಹೇಳಬಹುದು? ಭಾರತದ ತತ್ತ್ವಶಾಸ್ತ್ರಜ್ಞರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕೂತು ಕಾದಾಡಿದ ಪ್ರಶ್ನೆ ಇದೇ. ಮನೆಯ ಮೂಲೆಯಲ್ಲಿ ಮಿಣುಕುವ ರೌಟರ್ ಅದನ್ನು ಮತ್ತೆ ನಮ್ಮ ಮುಂದೆ ತಂದು ಇಟ್ಟಿದೆ.

ಹುಟ್ಟಿದ ಜ್ಞಾನವೆಲ್ಲ ಸ್ವತಃ ಪ್ರಮಾಣ, ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬರುವ ತನಕ ಅದನ್ನು ನಂಬಿ ನಡೆಯುವುದೇ ಸರಿ ಎಂದವರು ಕುಮಾರಿಲ ಭಟ್ಟರೇ ಮೊದಲಾದ ಮೀಮಾಂಸಕರು. ಇದು ದಡ್ಡರ ಮಾತಲ್ಲ. ಕಂಡದ್ದನ್ನೆಲ್ಲ ಮೊದಲು ಶಂಕಿಸಿ ಆಮೇಲೆ ನಂಬುತ್ತೇನೆಂದು ಹೊರಟವನು ಬೆಳಗಿನ ಕಾಫಿಯನ್ನೂ ಕುಡಿಯಲಾರ. ನ್ಯಾಯಶಾಸ್ತ್ರದ ಪಂಡಿತರಾದ ನೈಯಾಯಿಕರು ಇದಕ್ಕೆ ಒಪ್ಪಲಿಲ್ಲ. ಜ್ಞಾನ ಹುಟ್ಟುವುದು ಬೇರೆ, ಅದು ಸರಿಯೆಂದು ಗೊತ್ತಾಗುವುದು ಬೇರೆ. ದೂರದಲ್ಲಿ ನೀರು ಕಂಡಿತು. ಅದು ನೀರೋ ಬಿಸಿಲ್ಗುದುರೆಯೋ ಎಂಬುದು ಹತ್ತಿರ ಹೋಗಿ ಕುಡಿದು ಬಾಯಾರಿಕೆ ಇಂಗಿದಾಗಲೇ ನಿಶ್ಚಯ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನರಿಂದ ಹಿಡಿದು 14ನೇ ಶತಮಾನದ ಮಿಥಿಲೆಯ ಗಂಗೇಶರ ತನಕ ಈ ವಾದ ಹೆಚ್ಚು ಹೆಚ್ಚು ಹರಿತವಾಗುತ್ತ ಬಂತು.

ಇವೆರಡರ ನಡುವೆ ಬೇರೊಂದು ದಾರಿ ತೆರೆದವರು ನಮ್ಮ ಉಡುಪಿಯ ಮಧ್ವಾಚಾರ್ಯರು. ಅವರ ಮತದಲ್ಲಿ ಪ್ರತಿ ಜೀವಿಯೊಳಗೂ ‘ಸಾಕ್ಷಿ’ ಎಂಬ ಒಳಗಣ್ಣಿದೆ. ಸುಖ, ದುಃಖ, ಕಾಲ ಇವೆಲ್ಲ ಸಾಕ್ಷಿಗೆ ನೇರವಾಗಿ ಗೋಚರ. ಸಾಕ್ಷಿ ತಪ್ಪುವುದಿಲ್ಲ, ತಪ್ಪುವುದು ಮನಸ್ಸು. ಸಂಶಯಕ್ಕೆ ಎಡೆಯಿದ್ದಲ್ಲಿ ಪರೀಕ್ಷೆ ನಡೆಯಬೇಕು, ಪರೀಕ್ಷೆ ಅಡ್ಡಿಗಳನ್ನು ತೆಗೆದ ಮೇಲೆ ಸಾಕ್ಷಿಯು ಜ್ಞಾನದ ಪ್ರಾಮಾಣ್ಯವನ್ನು ನಿಶ್ಚಯಿಸುತ್ತದೆ. ಮಧ್ವರ ಪರಂಪರೆಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ಕ್ರಮವಾಗಿ ಕಟ್ಟಿಕೊಟ್ಟ ಈ ಪ್ರಮಾಣವಿಚಾರದ ಚೌಕಟ್ಟು ಇಂಟರ್ನೆಟ್ ಪ್ರಶ್ನೆಗೆ ಬಹಳ ಚೆನ್ನಾಗಿ ಒದಗುತ್ತದೆ. ‘ನನಗೆ ಕಾಯುವ ಬೇಸರ ಕಡಿಮೆಯಾಯಿತು’ ಎಂದು ಒಬ್ಬರು ಹೇಳಿದರೆ ಅದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ‘ಎಷ್ಟು ಸೆಕೆಂಡು ಕಡಿಮೆಯಾಯಿತು, ಯಾವುದರಿಂದ ಆಯಿತು’ ಎಂಬ ಲೆಕ್ಕ ಮಾತ್ರ ಮನಸ್ಸಿನ ಕೆಲಸ. ಪರೀಕ್ಷೆ ಬೇಕಾಗಿರುವುದು ಅಲ್ಲಿ.

ಮನಸ್ಸು ಸಮಯವನ್ನು ಎಷ್ಟು ಸುಲಭವಾಗಿ ತಪ್ಪಾಗಿ ಅಳೆಯುತ್ತದೆಂಬುದಕ್ಕೆ ಸಾಫ್ಟ್‌ವೇರ್ ಲೋಕದಲ್ಲೇ ಉದಾಹರಣೆಗಳಿವೆ. ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಅವಧಿಯಲ್ಲಿ ತುಂಬುವ, ಆದರೆ ಬೇರೆ ಬೇರೆ ಗತಿಯಲ್ಲಿ ಸಾಗುವ ಪ್ರೋಗ್ರೆಸ್ ಬಾರ್‌ಗಳನ್ನು ಜನರಿಗೆ ತೋರಿಸಲಾಯಿತು. ಕೊನೆಯಲ್ಲಿ ಓಟ ಕಿತ್ತ ಪಟ್ಟಿ ಬೇಗ ಮುಗಿದಂತೆ ಕಂಡಿತು. ಫೈರ್‌ಫಾಕ್ಸ್ ಬ್ರೌಸರಿನ ಒಳ ಸೆಟ್ಟಿಂಗ್ಸ್‌ನಲ್ಲಿ ಪುಟವನ್ನು ಮೊದಲ ಬಾರಿ ಚಿತ್ರಿಸುವ ಮುನ್ನ ಕಾಯಬೇಕಾದ ಸಮಯ 250 ಮಿಲಿಸೆಕೆಂಡ್ ಎಂದಿತ್ತು. ಅದನ್ನು ಸೊನ್ನೆ ಮಾಡಿ ಎಂಬುದು ಒಂದು ಕಾಲದ ಜನಪ್ರಿಯ ಸಲಹೆ. ಸೊನ್ನೆ ಮಾಡಿದರೆ ಮೊದಲ ಅಕ್ಷರಗಳು ಬೇಗ ಮೂಡುತ್ತವೆ. ಆದರೆ ಅರ್ಧಂಬರ್ಧ ಬಂದ ಪುಟವನ್ನು ಮತ್ತೆ ಮತ್ತೆ ಚಿತ್ರಿಸಬೇಕಾದ್ದರಿಂದ ಪೂರಾ ಪುಟ ಬರುವುದು ತಡವಾಗುತ್ತದೆ. ಸಂಪರ್ಕದ ವೇಗದಲ್ಲಿ ಕೂದಲೆಳೆಯಷ್ಟೂ ಬದಲಾವಣೆ ಇಲ್ಲ. ಓದುವವನಿಗೆ ಮೊದಲ ಸಾಲು ಬೇಗ ಸಿಕ್ಕಿದ್ದಂತೂ ನಿಜ. ಅವನ ಅನುಭವಕ್ಕೆ ಆಧಾರವಿತ್ತು, ಆ ಆಧಾರ ಅವನು ತಿಳಿದ ಜಾಗದಲ್ಲಿ ಇರಲಿಲ್ಲ.

ಅನುಭವದಿಂದ ಕಾರಣಕ್ಕೆ ಜಿಗಿಯುವ ಹೆಜ್ಜೆ ಇನ್ನೂ ಅಪಾಯದ್ದು. ಜನ ಸೆಟ್ಟಿಂಗ್ಸ್‌ಗೆ ಕೈಹಾಕುವುದು ಯಾವಾಗ? ನೆಟ್ ತೀರಾ ಕೆಟ್ಟಿರುವಾಗ. ಅದು ಸಾಮಾನ್ಯವಾಗಿ ಸಂಜೆ, ಓಣಿಯ ಎಲ್ಲ ಮನೆಗಳಲ್ಲೂ ವಿಡಿಯೊ ಓಡುತ್ತಿರುವ ಹೊತ್ತು. ತೀರಾ ಕೆಟ್ಟ ಗಳಿಗೆಯ ನಂತರ ಬರುವ ಗಳಿಗೆ ಅಷ್ಟು ಕೆಟ್ಟದಾಗಿರುವ ಸಂಭವ ಕಡಿಮೆ. ಏನೂ ಮಾಡದೆ ಕೂತಿದ್ದರೂ ಸುಧಾರಿಸುತ್ತಿತ್ತು. ಫ್ರಾನ್ಸಿಸ್ ಗಾಲ್ಟನ್ 19ನೇ ಶತಮಾನದ ಕೊನೆಯಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರಗಳನ್ನು ಅಳೆದು ಗುರುತಿಸಿದ ‘ಸರಾಸರಿಯತ್ತ ಮರಳುವಿಕೆ’ ಇಲ್ಲೂ ಕೆಲಸ ಮಾಡುತ್ತದೆ. ಜತೆಗೆ, ಬಹುತೇಕ ಎಲ್ಲ ಸಲಹೆಗಳ ಕೊನೆಯ ಸಾಲು ‘ರೀಸ್ಟಾರ್ಟ್ ಮಾಡಿ’ ಎಂದೇ ಇರುತ್ತದೆ. ರೀಸ್ಟಾರ್ಟ್ ಮಾಡಿದಾಗ ಹಿನ್ನೆಲೆಯಲ್ಲಿ ನಡೆಯುತ್ತಿದ್ದ ಡೌನ್‌ಲೋಡ್‌ಗಳು ನಿಲ್ಲುತ್ತವೆ, ಮೆಮೊರಿ ಖಾಲಿಯಾಗುತ್ತದೆ, ವೈಫೈ ಹೊಸದಾಗಿ ಜೋಡಣೆಯಾಗುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಬದಲಿಸಿದ ಅಂಕಿಗೆ ಎಲ್ಲ ಶ್ರೇಯ ಸಲ್ಲುತ್ತದೆ.

ಹೀಗೆ ಕಾರಣವಲ್ಲದೆಯೂ ಕಾರಣದಂತೆ ಕಾಣುವುದಕ್ಕೆ ನ್ಯಾಯಶಾಸ್ತ್ರದಲ್ಲಿ ಒಂದು ನಿಖರವಾದ ಹೆಸರಿದೆ: ಅನ್ಯಥಾಸಿದ್ಧ. ಸಂಸ್ಕೃತ ಪಾಠಶಾಲೆಗಳಲ್ಲಿ ಇಂದಿಗೂ ಓದಿಸುವ ವಿಶ್ವನಾಥ ಪಂಚಾನನರ ‘ಭಾಷಾಪರಿಚ್ಛೇದ’ ಐದು ಬಗೆಯ ಅನ್ಯಥಾಸಿದ್ಧಗಳನ್ನು ಎಣಿಸುತ್ತದೆ. ಐದನೆಯದು ಕುಂಬಾರನ ಕತ್ತೆ. ಮಡಕೆ ಆಗುವ ಮೊದಲು ಮಣ್ಣು ಹೊತ್ತು ತಂದ ಕತ್ತೆ ಅಲ್ಲಿ ಇದ್ದದ್ದು ದಿಟ, ಆದರೆ ಕತ್ತೆ ಮಡಕೆಗೆ ಕಾರಣವಲ್ಲ, ಕತ್ತೆಯಿಲ್ಲದೆಯೂ ಮಡಕೆಯಾಗುತ್ತದೆ. ಕಾರಣವೆನ್ನಿಸಿಕೊಳ್ಳಬೇಕಾದರೆ ಕಾರ್ಯಕ್ಕೆ ಮುಂಚೆ ಇದ್ದರೆ ಸಾಲದು, ತಪ್ಪದೆ ಇರಬೇಕು, ಇನ್ನೊಂದರಿಂದಲೇ ಕೆಲಸ ಮುಗಿಯುವಂತಿರಬಾರದು. ಇದನ್ನು ತಿಳಿಯುವ ಉಪಾಯ ಅನ್ವಯ ಮತ್ತು ವ್ಯತಿರೇಕ: ಇದು ಇದ್ದಾಗ ಅದು ಇದೆಯೇ, ಇದನ್ನು ತೆಗೆದಾಗ ಅದು ಹೋಗುತ್ತದೆಯೇ? ಶೇ 20ರ ಗುಟ್ಟನ್ನು ಪಾಲಿಸಿದವರು ಅನ್ವಯವನ್ನು ಮಾತ್ರ ನೋಡಿದರು. ಸೊನ್ನೆಯನ್ನು ಮತ್ತೆ 20 ಮಾಡಿ, ರೀಸ್ಟಾರ್ಟ್ ಮಾಡಿ, ಅದೇ ಹೊತ್ತಿನಲ್ಲಿ ವೇಗ ಇಳಿಯುತ್ತದೆಯೇ ಎಂದು ನೋಡಿದ್ದರೆ ಸಾಕಿತ್ತು.

ಇಷ್ಟು ಹೇಳಿ ಇಂಥ ಸೆಟ್ಟಿಂಗ್ಸ್ ತಿದ್ದುಪಡಿಗಳು, ಅಂದರೆ ಟ್ವೀಕ್‌ಗಳು, ಎಲ್ಲವೂ ಮೂಢನಂಬಿಕೆಯೆಂದು ತೀರ್ಪು ಕೊಟ್ಟುಬಿಟ್ಟರೆ ಅದೂ ಪರೀಕ್ಷೆಯಿಲ್ಲದ ನಂಬಿಕೆಯೇ ಆಗುತ್ತದೆ. ಏಕೆಂದರೆ ಕೆಲವು ಟ್ವೀಕ್‌ಗಳು ನಿಜಕ್ಕೂ ಕೆಲಸ ಮಾಡಿವೆ, ಅವುಗಳ ಹಿಂದೆ ಗಟ್ಟಿಯಾದ ಗಣಿತವಿದೆ.

ಇಂಟರ್ನೆಟ್‌ನಲ್ಲಿ ದತ್ತಾಂಶ ಕಳುಹಿಸುವ ಸರ್ವರ್ ಒಂದಷ್ಟನ್ನು ಕಳುಹಿಸಿ, ‘ಮುಟ್ಟಿತು’ ಎಂಬ ಉತ್ತರಕ್ಕೆ ಕಾಯುತ್ತದೆ. ಉತ್ತರ ಬರುವ ಮೊದಲು ಎಷ್ಟು ಕಳುಹಿಸಬಹುದೆಂಬುದನ್ನು ಪಡೆಯುವ ಕಂಪ್ಯೂಟರ್ ತಿಳಿಸುತ್ತದೆ. ಅದಕ್ಕೆ ರಿಸೀವ್ ವಿಂಡೋ ಎಂದು ಹೆಸರು. ಅಮೆರಿಕದ ಸರ್ವರಿಗೂ ಇಲ್ಲಿನ ಮನೆಗೂ ಹೋಗಿ ಬರುವ ಸಮಯ ಕಾಲು ಸೆಕೆಂಡು ಎಂದಿಟ್ಟುಕೊಳ್ಳೋಣ. ವಿಂಡೋಸ್ ಎಕ್ಸ್‌ಪಿಯ ಸಾಮಾನ್ಯ ವಿಂಡೋ 17,520 ಬೈಟ್. ಕಾಲು ಸೆಕೆಂಡಿಗೆ ಅಷ್ಟೇ ಎಂದರೆ ಸೆಕೆಂಡಿಗೆ ಸುಮಾರು 560 ಕಿಲೋಬಿಟ್. ಸಂಪರ್ಕ ಎಷ್ಟೇ ಅಗಲವಾಗಿದ್ದರೂ ಒಂದು ಡೌನ್‌ಲೋಡ್ ಅದಕ್ಕಿಂತ ವೇಗವಾಗಿ ಬರಲಾರದು.

ಈಗ ಇದನ್ನು ನಮ್ಮ ಮನೆಗಳ ಇತಿಹಾಸದ ಮೇಲಿಟ್ಟು ನೋಡಬಹುದು. ವಿಎಸ್‌ಎನ್‌ಎಲ್ ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. 2004ರ ಬ್ರಾಡ್‌ಬ್ಯಾಂಡ್ ನೀತಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. ಮರುವರ್ಷ ಬಿಎಸ್‌ಎನ್‌ಎಲ್‌ನ ‘ಡೇಟಾಒನ್’ ಬಂತು. 256 ಕೆಬಿಪಿಎಸ್ ತಂತಿಗೆ ಎಕ್ಸ್‌ಪಿಯ ವಿಂಡೋ ಧಾರಾಳ ಸಾಕು. ಆಗ ವಿಂಡೋಸ್‌ನ ಒಳ ಸೆಟ್ಟಿಂಗ್ಸ್ ಇರುವ ರಿಜಿಸ್ಟ್ರಿಗೆ ಹೋಗಿ ವಿಂಡೋ ಹಿಗ್ಗಿಸಿದವರಿಗೆ ಏನೂ ಸಿಗುವಂತಿರಲಿಲ್ಲ. ಮನೆಗೆ 2 ಎಂಬಿಪಿಎಸ್ ಬಂದಾಗ ಲೆಕ್ಕ ಬದಲಾಯಿತು. ದೂರದ ಸರ್ವರಿನಿಂದ ಬರುವ ಒಂದು ಫೈಲಿಗೆ ತಂತಿಯ ಸಾಮರ್ಥ್ಯದ ಮೂರರಲ್ಲೊಂದು ಪಾಲೂ ಸಿಗುತ್ತಿರಲಿಲ್ಲ. ವಿಂಡೋವನ್ನು 64 ಕಿಲೋಬೈಟ್‌ವರೆಗೆ ಹಿಗ್ಗಿಸಿದವರಿಗೆ ವೇಗ ಮೂರು ಪಟ್ಟು ಹೆಚ್ಚಿದ್ದರೆ ಅದು ಭ್ರಮೆಯಲ್ಲ, ಲೆಕ್ಕ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾ ವಿಂಡೋವನ್ನು ತಾನೇ ಬೇಕಾದಂತೆ ಹಿಗ್ಗಿಸತೊಡಗಿತು. ಅಲ್ಲಿಗೆ ಆ ಟ್ವೀಕ್‌ನ ಆಯುಸ್ಸು ಮುಗಿಯಿತು.

ಆದರೆ ಸಲಹೆಗಳಿಗೆ ತಮ್ಮ ಕಾಲ ಮುಗಿದದ್ದು ಗೊತ್ತಾಗುವುದಿಲ್ಲ. ವಿಸ್ತಾ ಬಂದ ಮೇಲೆ ಹೊಸ ಸಲಹೆಯೊಂದು ಹುಟ್ಟಿತು: ಈ ‘ಆಟೋಟ್ಯೂನಿಂಗ್’ ಅನ್ನೇ ನಿಲ್ಲಿಸಿ, ನೆಟ್ ಹಾರುತ್ತದೆ. ಇದರಲ್ಲೂ ಒಂದು ಸತ್ಯದ ಎಳೆ ಇತ್ತು. ಕೆಲವು ಹಳೆಯ ರೌಟರ್‌ಗಳು, ಫೈರ್‌ವಾಲ್‌ಗಳು ದೊಡ್ಡ ವಿಂಡೋವನ್ನು ಸರಿಯಾಗಿ ಅರ್ಥಮಾಡಿಕೊಳ್ಳದೆ ಸಂಪರ್ಕವನ್ನೇ ಹದಗೆಡಿಸುತ್ತಿದ್ದವು. ಅಂಥ ಮನೆಗಳಲ್ಲಿ ನಿಲ್ಲಿಸಿದ್ದರಿಂದ ಉಪಕಾರವಾಯಿತು. ಅದನ್ನು ಕೇಳಿ ಉಳಿದವರೂ ನಿಲ್ಲಿಸಿದರು. ಅವರ ವಿಂಡೋ ಮತ್ತೆ 64 ಕಿಲೋಬೈಟ್‌ಗೆ ಕುಗ್ಗಿತು, ದೂರದ ಸರ್ವರಿನಿಂದ ಸೆಕೆಂಡಿಗೆ 2 ಮೆಗಾಬಿಟ್‌ಗಿಂತ ಹೆಚ್ಚೇನೂ ಬರದಂತಾಯಿತು. ವೇಗ ಹೆಚ್ಚಿಸಲೆಂದು ಮಾಡಿದ ಕೆಲಸವೇ ವೇಗಕ್ಕೆ ಕಡಿವಾಣವಾಯಿತು.

ಮಾತಿನಿಂದ ಬರುವ ಜ್ಞಾನದ, ಅಂದರೆ ಶಬ್ದಪ್ರಮಾಣದ, ಚರ್ಚೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಬೇರೆಯವರ ಮಾತಿನಿಂದಲೂ ಜ್ಞಾನ ಬರುತ್ತದೆಂದು ನ್ಯಾಯವೂ ಒಪ್ಪುತ್ತದೆ, ಮಧ್ವಮತವೂ ಒಪ್ಪುತ್ತದೆ. ನ್ಯಾಯದ ಷರತ್ತು ಏನೆಂದರೆ ಹೇಳುವವನು ಆಪ್ತನಾಗಿರಬೇಕು: ವಿಷಯವನ್ನು ತಾನೇ ಕಂಡು ತಿಳಿದವನು, ಕಂಡದ್ದನ್ನು ಕಂಡಂತೆ ಹೇಳಬೇಕೆಂಬ ಮನಸ್ಸುಳ್ಳವನು. ರಿಸೀವ್ ವಿಂಡೋ ಹಿಗ್ಗಿಸಿ ಎಂದು ಮೊದಲು ಹೇಳಿದವನು ಆಪ್ತನೇ. ಅವನ ಮಾತು ಸತ್ಯವಾಗಿದ್ದದ್ದು ಒಂದು ದೇಶದಲ್ಲಿ, ಒಂದು ಕಾಲದಲ್ಲಿ, ಒಂದು ಬಗೆಯ ತಂತಿಯ ಮೇಲೆ. ಮಾತು ಕೈಯಿಂದ ಕೈಗೆ ದಾಟುವಾಗ ಷರತ್ತುಗಳು ಉದುರಿಹೋದವು, ಆಜ್ಞೆ ಮಾತ್ರ ಉಳಿಯಿತು. ಧಾರ್ಮಿಕ ಆಚರಣೆಗಳ ಇತಿಹಾಸ ಬಲ್ಲವರಿಗೆ ಇದು ಹೊಸದಾಗಿ ಕಾಣಲಾರದು. ಯಾವುದೋ ಋತುವಿಗೆ, ಯಾವುದೋ ಊರಿಗೆ ಹೊಂದುವ ವಿಧಿಯೊಂದು ಕಾರಣ ಮರೆತ ಮೇಲೂ ಎಲ್ಲೆಡೆ ನಡೆಯುತ್ತಲೇ ಇರುತ್ತದೆ. ಅದನ್ನು ಪ್ರಶ್ನಿಸುವುದು ಮೊದಲು ಹೇಳಿದವರಿಗೆ ಮಾಡುವ ಅವಮಾನ ಖಂಡಿತ ಅಲ್ಲ.

ಹೀಗೆ ನೋಡಿದಾಗ ಮೂಲಪ್ರಶ್ನೆಯ ರೂಪವೇ ಬದಲಾಗುತ್ತದೆ. ಟ್ವೀಕ್‌ಗಳು ನಿಜವೋ ಸುಳ್ಳೋ ಎಂದು ಕೇಳಿದರೆ ಉತ್ತರವಿಲ್ಲ. ತಡೆ ಎಲ್ಲಿದೆ ಎಂದು ಕೇಳಿದರೆ ಇದೆ. ಕೆರೆ ತುಂಬಿದ್ದು ತೂಬು ಕಿರಿದಾಗಿದ್ದರೆ ಕಾಲುವೆಯನ್ನು ಅಗಲ ಮಾಡಿ ಫಲವಿಲ್ಲ. ತಡೆ ಸಾಫ್ಟ್‌ವೇರಿನಲ್ಲಿದ್ದರೆ ಸಾಫ್ಟ್‌ವೇರ್ ಬದಲಾವಣೆ ಪವಾಡ ಮಾಡುತ್ತದೆ. ಬೇರೆಲ್ಲೋ ಇದ್ದರೆ ಏನೂ ಮಾಡದು. ಡಿಎನ್‌ಎಸ್ ಬದಲಿಸುವ ಸಲಹೆಯನ್ನೇ ತೆಗೆದುಕೊಳ್ಳಬಹುದು. 2009ರಲ್ಲಿ ಗೂಗಲ್ 8.8.8.8 ಅನ್ನು, 2018ರಲ್ಲಿ ಕ್ಲೌಡ್‌ಫ್ಲೇರ್ 1.1.1.1 ಅನ್ನು ತೆರೆದವು. ಜಾಲತಾಣದ ಹೆಸರು ಕೊಟ್ಟರೆ ವಿಳಾಸ ಹೇಳುವ ಸೇವೆ ಇದು. ಹಳೆಯ ಡಿಎನ್‌ಎಸ್ ಮಂದವಾಗಿದ್ದರೆ ಪುಟಗಳು ತೆರೆಯತೊಡಗುವುದು ಬೇಗನಾಗುತ್ತದೆ. ವಿಳಾಸ ಸಿಕ್ಕ ಮೇಲೆ ಸಿನಿಮಾ ಇಳಿಯುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕೆಲವೊಮ್ಮೆ ದೂರದ ಡಿಎನ್‌ಎಸ್ ದೂರದ ಸರ್ವರಿನ ವಿಳಾಸ ಕೊಟ್ಟು ತಡಮಾಡುವುದೂ ಉಂಟು.

ಸಾಫ್ಟ್‌ವೇರ್ ಮಾಡಿದ ಅತಿ ದೊಡ್ಡ ಪವಾಡ 1980ರ ದಶಕದ್ದು. 1986ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ಸಂಪರ್ಕ ಕುಸಿಯಿತು. ಎರಡರ ನಡುವೆ ಇದ್ದ ದೂರ 400 ಗಜ. ಸೆಕೆಂಡಿಗೆ 32 ಕಿಲೋಬಿಟ್ ಸಾಗುತ್ತಿದ್ದ ಜಾಗದಲ್ಲಿ 40 ಬಿಟ್ ಮಾತ್ರ ಸಾಗತೊಡಗಿತು. ತಂತಿ ಕೆಟ್ಟಿರಲಿಲ್ಲ. ಪ್ರತಿ ಕಂಪ್ಯೂಟರೂ ತನ್ನದು ಮುಟ್ಟಲಿಲ್ಲವೆಂದು ಮತ್ತೆ ಮತ್ತೆ ಕಳುಹಿಸುತ್ತಿತ್ತು, ಆ ಮರುಕಳುಹಿಕೆಯೇ ದಾರಿಯನ್ನು ಮುಚ್ಚಿಹಾಕಿತ್ತು. ಆ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್ 1988ರ ಪ್ರಬಂಧದಲ್ಲಿ ವಿವರಿಸಿದ ಪರಿಹಾರದಲ್ಲಿ ಒಂದು ತಂತಿಯನ್ನೂ ಬದಲಿಸಲಿಲ್ಲ. ಮೆಲ್ಲಗೆ ಶುರುಮಾಡು, ದಾರಿ ತೆರವಿದ್ದರೆ ಹೆಚ್ಚಿಸು, ಕಳೆದುಹೋದ ಸೂಚನೆ ಬಂದೊಡನೆ ಅರ್ಧಕ್ಕೆ ಇಳಿಸು ಎಂಬ ನಡತೆಯನ್ನು ಪ್ರತಿ ಕಂಪ್ಯೂಟರಿಗೂ ಕಲಿಸಲಾಯಿತು. ಪ್ರತಿಯೊಬ್ಬರೂ ಸ್ವಲ್ಪ ತಡೆದುಕೊಂಡಾಗ ಎಲ್ಲರ ವೇಗವೂ ಮರಳಿತು. ಇಂದಿನ ಇಂಟರ್ನೆಟ್ ಇನ್ನೂ ಈ ಸಂಯಮದ ಮೇಲೆಯೇ ನಿಂತಿದೆ.

ಈ ಸಂಯಮವನ್ನು ಮುರಿಯುವ ಟ್ವೀಕ್‌ಗಳೂ ಇವೆ, ಅವೂ ‘ಕೆಲಸ ಮಾಡುತ್ತವೆ’. ಒಂದೇ ಫೈಲನ್ನು ಎಂಟು ತುಂಡಾಗಿಸಿ ಎಂಟು ಸಂಪರ್ಕಗಳಲ್ಲಿ ಎಳೆಯುವ ಡೌನ್‌ಲೋಡ್ ಮ್ಯಾನೇಜರ್‌ಗಳನ್ನು ಬಹಳ ಜನ ಬಲ್ಲರು. ಇಂಟರ್ನೆಟ್‌ನ ಹಂಚಿಕೆ ಹೆಚ್ಚುಕಡಿಮೆ ಸಂಪರ್ಕಕ್ಕೊಂದು ಪಾಲಿನಂತೆ ನಡೆಯುತ್ತದೆ. ಎಂಟು ಸಂಪರ್ಕ ತೆರೆದವನಿಗೆ ಎಂಟು ಪಾಲು, ಪಕ್ಕದ ಕೋಣೆಯಲ್ಲಿ ಒಂದೇ ಸಂಪರ್ಕದಲ್ಲಿ ಪಾಠ ಕೇಳುತ್ತಿರುವ ತಂಗಿಗೆ ಒಂದು ಪಾಲು. ಮನೆಯ ಒಟ್ಟು ವೇಗ ಇದ್ದಷ್ಟೇ ಇದೆ. ಒಬ್ಬನಿಗೆ ಕಂಡ ಹೆಚ್ಚಳ ಇನ್ನೊಬ್ಬಳ ತಟ್ಟೆಯಿಂದ ಬಂದದ್ದು. ಹಾಗಾಗಿ ‘ವೇಗ ಹೆಚ್ಚಿತೇ’ ಎಂಬ ಪ್ರಶ್ನೆಗೆ ‘ಯಾರಿಗೆ’ ಎಂಬ ಮಾತು ಸೇರದೆ ಅರ್ಥ ಪೂರ್ಣವಾಗದು. ಜ್ಞಾನದ ಪ್ರಶ್ನೆಯಾಗಿ ಶುರುವಾದದ್ದು ಇಲ್ಲಿ ಧರ್ಮದ ಪ್ರಶ್ನೆಯಾಗುತ್ತದೆ.

ಇದಕ್ಕೆ ಎದುರಾದ, ಆದರೆ ಅಷ್ಟಾಗಿ ಪ್ರಚಾರ ಸಿಗದ ಟ್ವೀಕ್ ಒಂದಿದೆ. ಅಮೆರಿಕದ ತಂತ್ರಜ್ಞ ಜಿಮ್ ಗೆಟಿಸ್ 2010ರಲ್ಲಿ ತಮ್ಮ ಮನೆಯ ಸಂಪರ್ಕವನ್ನು ಪರಿಶೀಲಿಸುತ್ತಿದ್ದಾಗ, ದೊಡ್ಡ ಫೈಲೊಂದು ಹೋಗುತ್ತಿರುವಾಗ ಉಳಿದೆಲ್ಲ ಕೆಲಸಗಳ ಉತ್ತರ ಒಂದು ಸೆಕೆಂಡಿಗೂ ಮೀರಿ ತಡವಾಗುವುದನ್ನು ಕಂಡರು. ಮೋಡೆಮ್, ರೌಟರ್‌ಗಳಲ್ಲಿ ತಯಾರಕರು ಒಂದು ಪ್ಯಾಕೆಟ್ಟೂ, ಅಂದರೆ ದತ್ತಾಂಶದ ಒಂದು ತುಂಡೂ, ನಷ್ಟವಾಗಬಾರದೆಂಬ ಕಾಳಜಿಯಿಂದ ಪ್ಯಾಕೆಟ್ಟುಗಳು ಕಾದು ನಿಲ್ಲಲು ಭಾರಿ ಬಫರ್‌ಗಳನ್ನು ಇಟ್ಟಿದ್ದರು. ಪ್ಯಾಕೆಟ್ಟು ಕಳೆದುಹೋಗದಿದ್ದರೆ ‘ಅರ್ಧಕ್ಕೆ ಇಳಿಸು’ ಎಂಬ ಸೂಚನೆಯೇ ಕಳುಹಿಸುವವನಿಗೆ ಮುಟ್ಟುವುದಿಲ್ಲ. ಸಾಲು ಬೆಳೆಯುತ್ತಲೇ ಹೋಗುತ್ತದೆ, ಹಿಂದೆ ಬಂದ ಫೋನ್ ಮಾತಿನ ಚಿಕ್ಕ ಪ್ಯಾಕೆಟ್ಟೂ ಅದೇ ಸಾಲಿನಲ್ಲಿ ನಿಲ್ಲಬೇಕು. ಗೆಟಿಸ್ ಇದಕ್ಕೆ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್‌ಸನ್ ಸಾಲನ್ನು ಚಿಕ್ಕದಾಗಿಡುವ ‘ಕೋಡೆಲ್’ ವಿಧಾನ ಪ್ರಕಟಿಸಿದರು. ಡೇವ್ ಟಾಟ್ ಮತ್ತು ಅವರ ಜತೆಗಾರರು ಅದನ್ನು ಮನೆಯ ರೌಟರ್‌ಗಳಿಗೆ ಇಳಿಸಲು ವರ್ಷಗಟ್ಟಲೆ ದುಡಿದರು. ಇಂದು ‘ಓಪನ್‌ಡಬ್ಲ್ಯುಆರ್‌ಟಿ’ ಎಂಬ ಮುಕ್ತ ತಂತ್ರಾಂಶವಿರುವ ರೌಟರಿನಲ್ಲಿ ಯಾರಾದರೂ ಇದನ್ನು ಹೊಂದಿಸಿಕೊಳ್ಳಬಹುದು.

ಹೊಂದಿಸುವ ಬಗೆ ಗಮನಿಸುವಂಥದ್ದು. ಸಂಪರ್ಕದ ವೇಗ 100 ಎಂಬಿಪಿಎಸ್ ಇದ್ದರೆ ರೌಟರಿಗೆ 90 ಅಥವಾ 95 ಎಂದು ಹೇಳಬೇಕು. ಬೇಕೆಂದೇ ಸ್ವಲ್ಪ ಕಡಿಮೆ ಮಾಡಿದಾಗ ಸಾಲು ಕಂಪನಿಯ ಉಪಕರಣದಲ್ಲಿ ಬೆಳೆಯದೆ ಮನೆಯ ರೌಟರಿನ ಹಿಡಿತಕ್ಕೆ ಬರುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಅಂಕಿ ಇಳಿದಿರುತ್ತದೆ. ಆದರೆ ಒಬ್ಬರು ಫೋಟೊಗಳನ್ನು ಮೇಲೇರಿಸುತ್ತಿರುವಾಗಲೂ ಇನ್ನೊಬ್ಬರ ವಿಡಿಯೊ ಕರೆ ತುಂಡಾಗುವುದಿಲ್ಲ. ಅಳತೆಯಲ್ಲಿ ಕಡಿಮೆ, ಬದುಕಿನಲ್ಲಿ ಹೆಚ್ಚು. ಇವೆರಡರಲ್ಲಿ ಯಾವುದು ವೇಗ? ಬೌದ್ಧ ತಾರ್ಕಿಕ ಧರ್ಮಕೀರ್ತಿ ಪ್ರಮಾಣಕ್ಕೆ ಒರೆಗಲ್ಲಾಗಿ ಅರ್ಥಕ್ರಿಯೆಯನ್ನು ಇಟ್ಟರು: ತಿಳಿದ ವಸ್ತು ಉದ್ದೇಶಿತ ಕೆಲಸವನ್ನು ಸಾಧಿಸಿಕೊಡಬೇಕು. ಈ ಒರೆಗಲ್ಲಿನಲ್ಲಿ ಉಜ್ಜಿದರೆ ಸ್ಪೀಡ್ ಟೆಸ್ಟಿನ ದೊಡ್ಡ ಅಂಕಿ ಕೂಡ ಪ್ರಶ್ನಾತೀತವಲ್ಲ. ಅದು ಹತ್ತಿರದ ಸರ್ವರಿಗೆ, ಹಲವು ಸಂಪರ್ಕಗಳಲ್ಲಿ, ಕೆಲವೇ ಸೆಕೆಂಡು ನಡೆಸಿದ ಓಟದ ಫಲಿತಾಂಶ.

ಅಂಕಿಗಳೇ ನಂಬಿಕೆಯ ವಸ್ತುವಾಗುವುದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನಗಳಿವೆ. 1995ರಲ್ಲಿ ಸಿಂಕ್ರೊನಿಸ್ ಎಂಬ ಕಂಪನಿ ‘ಸಾಫ್ಟ್‌ರ‍್ಯಾಮ್ 95’ ಎಂಬ ತಂತ್ರಾಂಶ ಮಾರಿತು. ಕಂಪ್ಯೂಟರಿನ ಮೆಮೊರಿ ಇಮ್ಮಡಿಯಾಗುತ್ತದೆಂದು ಹೇಳಿತು. ಪರದೆಯ ಮೇಲೆ ಅಂಕಿ ಇಮ್ಮಡಿಯಾಗಿಯೇ ಕಾಣುತ್ತಿತ್ತು. ಒಳಗೆ ಅಂಥ ಕೆಲಸವೇನೂ ನಡೆಯುತ್ತಿರಲಿಲ್ಲವೆಂದು ತಜ್ಞರು ಬಿಚ್ಚಿ ತೋರಿಸಿದರು, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮರುವರ್ಷ ಕ್ರಮ ಕೈಗೊಂಡಿತು. ಗೂಗಲ್ 2005ರಲ್ಲಿ ತಂದ ‘ವೆಬ್ ಆಕ್ಸಿಲರೇಟರ್’ ಮೋಸದ್ದಲ್ಲ. ಅದು ಪುಟಗಳನ್ನು ಮುಂಚಿತವಾಗಿ ತಂದಿಡುತ್ತಿತ್ತು. ಅದು ತೋರಿಸುತ್ತಿದ್ದ ‘ಉಳಿದ ಸಮಯ’ದ ಲೆಕ್ಕ ಮಾತ್ರ ಯೋಚನೆಗೆ ಹಚ್ಚುತ್ತದೆ. ಉಳಿದ ಸಮಯ ಎಂದರೆ ಆ ತಂತ್ರಾಂಶ ಇಲ್ಲದಿದ್ದರೆ ಹಿಡಿಯುತ್ತಿದ್ದ ಸಮಯದಿಂದ ಹಿಡಿದ ಸಮಯವನ್ನು ಕಳೆದದ್ದು. ಮೊದಲನೆಯದು ಎಂದೂ ನಡೆಯಲೇ ಇಲ್ಲ. ನಡೆಯದ ಘಟನೆಯನ್ನು ಯಾವ ಕಣ್ಣೂ ಕಾಣದು, ಅದು ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಅನುಮಾನಪ್ರಮಾಣದ ವಿಷಯ. ಅನುಮಾನ ಗಟ್ಟಿಯಾಗಬೇಕಾದರೆ ಅದರ ವ್ಯಾಪ್ತಿಯನ್ನು, ಅಂದರೆ ಒಂದಿದ್ದಲ್ಲಿ ಇನ್ನೊಂದು ತಪ್ಪದೆ ಇರುತ್ತದೆಂಬ ನಂಟನ್ನು, ಪರೀಕ್ಷಿಸಿರಬೇಕು.

ಮನೆಯಲ್ಲಿ ಇಂಥ ಪರೀಕ್ಷೆ ಮಾಡುವುದು ಕಷ್ಟವಲ್ಲ. ವೈಫೈ ಬಿಟ್ಟು ಕೇಬಲ್ಲಿನಿಂದ ಕಂಪ್ಯೂಟರನ್ನು ರೌಟರಿಗೆ ಜೋಡಿಸಿದರೆ ಗೋಡೆಗಳ, ನೆರೆಮನೆಯ ಸಿಗ್ನಲ್‌ಗಳ ಪಾತ್ರ ಕಳಚಿಹೋಗುತ್ತದೆ. ಎಷ್ಟೋ ಮನೆಗಳಲ್ಲಿ ತಡೆ ಅಲ್ಲೇ ಪತ್ತೆಯಾಗುತ್ತದೆ. ಒಂದೇ ಹೊತ್ತಿನಲ್ಲಿ, ಒಂದೇ ಸರ್ವರಿಗೆ, ಬೇರೆ ಬೇರೆ ದಿನ ಅಳೆಯಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ಹಿಂದಕ್ಕೂ ತಿರುಗಿಸಿ ನೋಡಬೇಕು. ಯಾವ ದಿನ ಬದಲಾಯಿಸಿದೆ, ಯಾವ ದಿನ ಇಲ್ಲ ಎಂಬುದು ಮನೆಯ ಇನ್ನೊಬ್ಬರಿಗೆ ಮಾತ್ರ ಗೊತ್ತಿದ್ದರೆ ಇನ್ನೂ ಒಳ್ಳೆಯದು. ಆಗ ಆಸೆ ಅಳತೆಗೆ ಕೈಹಾಕಲಾರದು. ಒಂದು ಕಡೆ ದೊಡ್ಡ ಫೈಲನ್ನು ಮೇಲೇರಿಸುತ್ತ ಇನ್ನೊಂದು ಕಡೆ ಪಿಂಗ್, ಅಂದರೆ ಉತ್ತರ ಬರಲು ಹಿಡಿಯುವ ಸಮಯ, ನೋಡಿದರೆ ಬಫರ್‌ಬ್ಲೋಟ್ ಇದೆಯೇ ಎಂಬುದು ನಿಮಿಷದೊಳಗೆ ತಿಳಿಯುತ್ತದೆ.

ಪರೀಕ್ಷೆಯನ್ನು ಪರೀಕ್ಷಿಸುವವರು ಯಾರು ಎಂಬ ಆಕ್ಷೇಪ ಇದ್ದೇ ಇದೆ. ಅದಕ್ಕೊಂದು ಪರೀಕ್ಷೆ, ಅದಕ್ಕೆ ಮತ್ತೊಂದು ಎಂದು ಹೋದರೆ ಕೊನೆಯೇ ಇಲ್ಲದ ಅನವಸ್ಥೆ. ಹತ್ತನೇ ಶತಮಾನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ, ಅನುಮಾನವನ್ನು ಪ್ರಮಾಣವೆಂದು ಒಪ್ಪದ ಚಾರ್ವಾಕರಿಗೆ ಕೊಟ್ಟ ಉತ್ತರದ ಸಾರ ಹೀಗಿದೆ: ಶಂಕೆಗೆ ಒಂದು ಎಲ್ಲೆ ಉಂಟು, ಶಂಕಿಸುವವನ ಸ್ವಂತ ನಡವಳಿಕೆಗೇ ವಿರೋಧ ಬರುವಲ್ಲಿ ಅದು ನಿಲ್ಲುತ್ತದೆ. ಹೊಗೆಗೆ ಬೆಂಕಿ ಕಾರಣವೋ ಅಲ್ಲವೋ ಎಂದು ವಾದಿಸುವವನೂ ಹೊಗೆ ಬೇಕಾದಾಗ ಬೆಂಕಿಯನ್ನೇ ಹಚ್ಚುತ್ತಾನೆ. ಮನೆಯ ಇಂಟರ್ನೆಟ್ಟಿಗೂ ಈ ಎಲ್ಲೆ ಸಾಕು. ಸಂಜೆಯ ಕರೆ ಕಡಿಯದೆ ನಡೆಯುತ್ತಿದೆ, ಸೆಟ್ಟಿಂಗ್ ಹಿಂದಕ್ಕೆ ತಿರುಗಿಸಿದ ಸಂಜೆಗಳಲ್ಲಿ ಕಡಿಯುತ್ತಿದೆ ಎಂದು ಗೊತ್ತಾದ ಮೇಲೆ ಇನ್ನೂ ಶಂಕಿಸುತ್ತ ಕೂರಬೇಕಿಲ್ಲ.

ಪರೀಕ್ಷೆಯ ಬೆಲೆ ಹೆಚ್ಚು ತಿಳಿಯುವುದು ಅದರ ಉತ್ತರ ‘ತಡೆ ಮನೆಯೊಳಗಿಲ್ಲ’ ಎಂದು ಬಂದಾಗ. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಬೆಂಗಳೂರಿನಿಂದ ಸುಮಾರು 14,000 ಕಿಲೋಮೀಟರ್ ದೂರದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರಲು ನೇರ ದಾರಿಯಲ್ಲೂ 140 ಮಿಲಿಸೆಕೆಂಡ್ ಬೇಕು. ಅದನ್ನು ಇಳಿಸುವ ಸೆಟ್ಟಿಂಗ್ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಅದು ಪ್ರಕೃತಿಯ ಮಿತಿ, ಒಪ್ಪಿಕೊಳ್ಳಬೇಕಾದದ್ದು. ಒಪ್ಪಿಕೊಳ್ಳಬೇಕಿಲ್ಲದ ಮಿತಿಗಳೂ ಇವೆ. ಕೋವಿಡ್ ಕಾಲದಲ್ಲಿ ಮಲೆನಾಡಿನ, ಕರಾವಳಿಯ ಮಕ್ಕಳು ಸಿಗ್ನಲ್ ಹುಡುಕುತ್ತ ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ಸುರಿವ ಮಳೆಯಲ್ಲಿ ರಸ್ತೆಬದಿ ಕೂತು ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರ 2021ರಲ್ಲಿ ನಾಡೆಲ್ಲ ಕಂಡಿತು. ಆ ಮನೆಗಳಲ್ಲಿ ಕೊರತೆಯಿದ್ದದ್ದು ಮೊಬೈಲ್ ಗೋಪುರದ್ದು, ತಂತಿಯದ್ದು. ‘ಸ್ಪೀಡ್ ಬೂಸ್ಟರ್’ ಆ್ಯಪ್‌ಗಳನ್ನು ಹಾಕಿಕೊಂಡು ತಮ್ಮ ಫೋನನ್ನೇ ದೂರುತ್ತ ಕೂತವರಿಗೆ ಈ ಮಾತು ಮುಟ್ಟಬೇಕು. ಗೋಪುರ ನಿಲ್ಲಿಸಬೇಕಾದವರು ಕೇಳುವವರಿಲ್ಲದೆ ಉಳಿಯುವುದು ಇಂಥ ಕಡೆಯೇ. ದೂರಸಂಪರ್ಕ ಇಲಾಖೆ 2023ರಲ್ಲಿ ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗವನ್ನು 2 ಎಂಬಿಪಿಎಸ್‌ಗೆ ಏರಿಸಿದೆ. ಅಷ್ಟೂ ಸಿಗದಿದ್ದಾಗ, ಕೇಬಲ್ ಜೋಡಿಸಿ, ಒಂದೇ ಹೊತ್ತಿನಲ್ಲಿ, ದಿನಾಂಕ ಬರೆದು ತೆಗೆದ ಅಳತೆಗಳ ಪಟ್ಟಿಯೊಂದು ಕೈಲಿದ್ದರೆ ಗ್ರಾಹಕ ಅದನ್ನು ದೂರಿನ ಜತೆ ಲಗತ್ತಿಸಬಹುದು, ‘ನಿಮ್ಮ ಕಂಪ್ಯೂಟರಿನಲ್ಲೇ ಏನೋ ತೊಂದರೆ’ ಎಂಬ ಉತ್ತರವನ್ನು ಆಧಾರಸಹಿತ ತಳ್ಳಿಹಾಕಬಹುದು.